ಟೆಟ್ರಾಪಾಡ್‌ಗಳ ಬುಡದಲ್ಲಿ

ಸಮುದ್ರದ ಅಲೆ ತಡೆಗೋಡೆಯನ್ನು ಪರಿಶೀಲಿಸಲು ಬೆಳಗಾವಿಯ ನಿವೃತ್ತ ನೀರಾವರಿ ಎಂಜಿನಿಯರನ್ನು ಏಕೆ ಕರೆದರು ಎಂದು ತಿಲಕವಾಡಿಯ ನಮ್ಮ ಓಣಿಯಲ್ಲಿ ಹಲವರು ಕೇಳಿದರು. ಆ ಗೋಡೆಗೂ ನನಗೂ ಹಿಂದೆ ಯಾವ ಸಂಬಂಧವೂ ಇರಲಿಲ್ಲ, ಅದಕ್ಕೇ ಕರೆದರು ಎಂದು ಎಲ್ಲರಿಗೂ ಹೇಳಿದೆ. ಕರಾವಳಿಯಲ್ಲಿ ಈ ಕೆಲಸ ಬಲ್ಲವರ ಬಳಗ ಚಿಕ್ಕದು. ನಕ್ಷೆ ಮಾಡಿದವರ ಶಿಷ್ಯರು ಗುತ್ತಿಗೆದಾರರ ಬಳಿ ಇರುತ್ತಾರೆ. ಗುತ್ತಿಗೆದಾರರಿಗೆ ಕಾಂಕ್ರೀಟ್ ಪರೀಕ್ಷಿಸಿಕೊಟ್ಟವರು ಮುಂದೆ ಇಲಾಖೆಗೆ ಸಲಹೆಗಾರರಾಗುತ್ತಾರೆ. ಅವರು ಪ್ರಾಮಾಣಿಕರಲ್ಲ ಎಂದು ನನ್ನ ಮಾತಿನ ಅರ್ಥವಲ್ಲ. ಆದರೆ ತಾನು ಕೈಯಾಡಿಸಿದ ಕೆಲಸದ ದೋಷವನ್ನು ತಾನೇ ಅಳೆಯಬೇಕಾದಾಗ ಯಾರ ಕಣ್ಣಾದರೂ ಸ್ವಲ್ಪ ಮೆತ್ತಗಾಗುತ್ತದೆ. ಹಾಗಾಗಿ ಘಟ್ಟದ ಮೇಲಿನವರು ಬೇಕಾಗಿದ್ದರು.

ಇನ್ನೊಂದು ಕಾರಣವೂ ಇತ್ತು. ನನ್ನ ವೃತ್ತಿಯ ಮೊದಲ ವರ್ಷಗಳು ಘಟಪ್ರಭೆಯ ಹಿಡಕಲ್ ಜಲಾಶಯದಲ್ಲಿ ಕಳೆದವು. ಮಣ್ಣಿನ ಕಟ್ಟೆಯ ಒಳಮೈಗೆ ಕಲ್ಲಿನ ಹೊದಿಕೆ ಇರುತ್ತದೆ. ನಾವು ಅದನ್ನು ಪಿಚ್ಚಿಂಗ್ ಎನ್ನುತ್ತೇವೆ. ಗಾಳಿಗೆ ಏಳುವ ಅಲೆಗಳಿಂದ ಮಣ್ಣನ್ನು ಕಾಯುವುದು ಅದರ ಕೆಲಸ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕಲ್ಲುಗಳ ಮೇಲೆ ನಡೆಯುತ್ತ, ಎಲ್ಲಿ ಕಲ್ಲು ಒಳಕ್ಕೆ ಕುಸಿದಿದೆ, ಎಲ್ಲಿ ಕೆಳಗಿನ ಜಲ್ಲಿ ಪದರ ಕೊಚ್ಚಿಹೋಗಿದೆ ಎಂದು ಗುರುತು ಹಾಕುವುದನ್ನು ಅಲ್ಲಿನ ಹಿರಿಯ ಮೇಸ್ತ್ರಿಗಳೇ ನನಗೆ ಕಲಿಸಿದರು. ಕಲ್ಲು ಗಟ್ಟಿಯಾಗಿದ್ದೂ ಹೊದಿಕೆ ಹಾಳಾಗಬಹುದು, ಏಕೆಂದರೆ ಹಾಳಾಗುವುದು ಅದರ ಕೆಳಗಿನ ಪದರ ಎಂಬುದನ್ನು ಆಗಲೇ ಕಂಡಿದ್ದೆ. ಕಡಲ ಗೋಡೆಯ ಮುಂದೆ ನಿಂತಾಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಪಾಠ.

ಅಣೆಕಟ್ಟುಗಳ ವಿಷಯದಲ್ಲಿ ದೇಶ ಒಂದು ಹೆಜ್ಜೆ ಮುಂದೆ ಹೋಗಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳಿಗೆ ಸ್ವತಂತ್ರ ತಜ್ಞರ ಸಮಿತಿಯಿಂದ ಸಮಗ್ರ ಮೌಲ್ಯಮಾಪನ ಆಗಬೇಕು ಎನ್ನುತ್ತದೆ. ನಮ್ಮನ್ನು ಕರೆದದ್ದು ಅಂತಹ ಕಾಯ್ದೆಯ ಒತ್ತಡದಿಂದಲ್ಲ. ಆ ಮೀನುಗಾರಿಕೆ ಬಂದರಿನ ದೋಣಿ ಮಾಲೀಕರ ಸಂಘ ಪಟ್ಟು ಹಿಡಿದು ಕುಳಿತಿತ್ತು. ಬಂದರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಉತ್ತರ ಕನ್ನಡದ ಕಡಲತೀರ ಎಂದಷ್ಟು ತಿಳಿದರೆ ಸಾಕು.

ಸಮಿತಿಯಲ್ಲಿ ನಾವು ಮೂವರು. ಅಲೆಗಳ ಮಾದರಿ ಪರೀಕ್ಷೆಯಲ್ಲಿ ಆಯುಷ್ಯ ಕಳೆದ ಪುಣೆಯ ನಿವೃತ್ತ ವಿಜ್ಞಾನಿಯೊಬ್ಬರು, ಸಮುದ್ರ ತಳದ ಸಮೀಕ್ಷೆ ಬಲ್ಲ ಮಾಜಿ ನೌಕಾಪಡೆಯ ಅಧಿಕಾರಿಯೊಬ್ಬರು, ಕಾಂಕ್ರೀಟಿಗೆ ಮತ್ತು ಕಲ್ಲಿಗೆ ನಾನು. ಪುಣೆಗೂ ಕರಾವಳಿಗೂ ನಡುವಿನ ಊರು ಬೆಳಗಾವಿಯೇ ಆದ್ದರಿಂದ ಕೂಡುವುದು, ಕಾಗದಪತ್ರ ಹರಡಿಕೊಳ್ಳುವುದು, ವಾದ ಮಾಡುವುದು ಎಲ್ಲವೂ ನಮ್ಮ ಮನೆಯ ನಡುಮನೆಯಲ್ಲೇ ನಡೆಯಿತು. ಇಂಥ ಪರಿಶೀಲನೆಯ ಹೆಚ್ಚಿನ ಪಾಲು ಸಮುದ್ರದ ದಡದಲ್ಲಿ ನಡೆಯುತ್ತದೆ ಎಂದು ಜನ ಭಾವಿಸುತ್ತಾರೆ. ನಿಜವಾಗಿ ಅದು ಮೇಜಿನ ಮೇಲೆ ನಡೆಯುತ್ತದೆ.

ಒಪ್ಪಿಕೊಳ್ಳುವ ಮೊದಲು ನಾವು ಷರತ್ತುಗಳನ್ನು ಲಿಖಿತವಾಗಿ ಕೇಳಿದೆವು. ನಿರ್ಮಾಣ ಕಾಲದ ಕಚ್ಚಾ ದಾಖಲೆಗಳು ಸಿಗಬೇಕು, ಸಾರಾಂಶಗಳು ಸಾಲವು. ಗೋಡೆಯ ಯಾವ ಭಾಗಕ್ಕೂ ನಮಗೆ ತಡೆ ಇರಬಾರದು. ನಾವು ಕೊಟ್ಟ ವರದಿಯನ್ನು ಯಾರೂ ತಿದ್ದದೆ ಸಂಘಕ್ಕೂ ಇಲಾಖೆಗೂ ಒಂದೇ ದಿನ ಕೊಡಬೇಕು. ಸಂಭಾವನೆ ವರದಿಯ ಒಪ್ಪಿಗೆಗೆ ತಗಲಿಕೊಂಡಿರಬಾರದು. ಕೊನೆಯ ಷರತ್ತಿಗೆ ಬಹಳ ಪತ್ರ ವ್ಯವಹಾರ ಆಯಿತು. ನಾನು ಅದನ್ನು ಬಿಡಲಿಲ್ಲ. ಹಣ ಯಾವಾಗ, ಯಾರ ಸಹಿಯಿಂದ ಬರುತ್ತದೆ ಎಂಬುದು ಇತ್ಯರ್ಥವಾಗದೆ ‘ಸ್ವತಂತ್ರ’ ಎಂಬ ವಿಶೇಷಣವನ್ನು ಯಾರೂ ತಮ್ಮ ಹೆಸರಿನ ಮುಂದೆ ಹಾಕಿಕೊಳ್ಳಬಾರದು ಎಂದು ನನ್ನ ನಂಬಿಕೆ.

ಇನ್ನು ಗೋಡೆಯ ವಿಚಾರ. ಹೊರಗಿನಿಂದ ನೋಡುವವರಿಗೆ ಅದು ನಾಲ್ಕು ಕಾಲಿನ ಕಾಂಕ್ರೀಟ್ ಆಕೃತಿಗಳ ಗುಡ್ಡೆ. ಒಳಗೆ ಕಲ್ಲುಗಣಿಯಿಂದ ಬಂದ ಸಣ್ಣ ದೊಡ್ಡ ಕಲ್ಲುಗಳ ತಿರುಳು ಇರುತ್ತದೆ. ಅದರ ಮೇಲೆ ಆರಿಸಿದ ದಪ್ಪ ಕಲ್ಲುಗಳ ಪದರ, ಅದಕ್ಕೂ ಮೇಲೆ ಈ ನಾಲ್ಕು ಕಾಲಿನ ಆಕೃತಿಗಳ, ಅಂದರೆ ಟೆಟ್ರಾಪಾಡ್‌ಗಳ ಎರಡು ಸಾಲಿನ ಕವಚ. ಕವಚದ ಬುಡದಲ್ಲಿ, ನೀರಿನಡಿ, ಎಲ್ಲವನ್ನೂ ಜಾರದಂತೆ ಹಿಡಿದು ನಿಲ್ಲಿಸುವ ಕಲ್ಲಿನ ಸಾಲು ಇರುತ್ತದೆ. ಎಂಜಿನಿಯರರ ಬಾಯಲ್ಲಿ ಅದು ‘ಟೋ’. ನೆತ್ತಿಯ ಮೇಲೆ ಕಾಂಕ್ರೀಟಿನ ಪ್ಯಾರಪೆಟ್ ಗೋಡೆ ಮತ್ತು ಲಾರಿ ಓಡುವಷ್ಟು ರಸ್ತೆ.

ಟೆಟ್ರಾಪಾಡ್ ಹುಟ್ಟಿದ್ದು 1950ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನ ಜಲವಿಜ್ಞಾನ ಪ್ರಯೋಗಾಲಯದಲ್ಲಿ. ಅದನ್ನು ಮೊದಲು ಬಳಸಿದ್ದು ಮೊರಾಕೊದ ಕಾಸಾಬ್ಲಾಂಕಾದಲ್ಲಿ, ವಿದ್ಯುತ್ ಸ್ಥಾವರವೊಂದನ್ನು ಅಲೆಗಳಿಂದ ಕಾಯಲು. ಎರಡು ಸಾಲಾಗಿ ಹಾಕಿದಾಗ ಕವಚದ ಗಾತ್ರದ ಸುಮಾರು ಅರ್ಧದಷ್ಟು ಖಾಲಿ ಜಾಗವೇ ಇರುತ್ತದೆ. ಅಲೆ ಆ ಸಂದುಗಳೊಳಗೆ ನುಗ್ಗಿ, ಒಡೆದು, ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಟೆಟ್ರಾಪಾಡ್‌ಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಸರಳು ಇರುವುದಿಲ್ಲ. ಉಪ್ಪುನೀರಿನಲ್ಲಿ ಸರಳು ತುಕ್ಕು ಹಿಡಿದು ಕಾಂಕ್ರೀಟನ್ನೇ ಸೀಳುತ್ತದೆ. ಸರಳಿಲ್ಲದ ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಟೆಟ್ರಾಪಾಡ್ ಅಲುಗಾಡಬಾರದು. ಒಂದೆಡೆ ಕಚ್ಚಿಕೊಂಡು ಕುಳಿತರೆ ಅದು ದೀರ್ಘಾಯು. ಪ್ರತಿ ಅಲೆಗೂ ಸ್ವಲ್ಪ ತೂಗಾಡತೊಡಗಿದರೆ ಕಾಲು ಮುರಿಯುವುದು ಕಾಲದ ಪ್ರಶ್ನೆ.

ದೊಡ್ಡ ಆಕೃತಿ ಎಂದರೆ ದೊಡ್ಡ ಭದ್ರತೆ ಎಂಬ ಭ್ರಮೆಯನ್ನು ಒಡೆದದ್ದು ಪೋರ್ಚುಗಲ್‌ನ ಸಿನೆಸ್ ಬಂದರು. ಅಲ್ಲಿ ಡೋಲೊಸ್ ಎಂಬ ಇನ್ನೊಂದು ಬಗೆಯ ಆಕೃತಿಯನ್ನು, ಒಂದೊಂದೂ 42 ಟನ್ ತೂಗುವಂಥದ್ದನ್ನು, ಸಾವಿರಾರು ಸಂಖ್ಯೆಯಲ್ಲಿ ಹಾಕಿದ್ದರು. 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಕವಚದ ಬಹುಪಾಲು ನಾಶವಾಯಿತು. ಅಂದಿನ ಅಲೆಗಳು ವಿನ್ಯಾಸದ ಲೆಕ್ಕಕ್ಕಿಂತ ಎತ್ತರವಾಗಿರಲಿಲ್ಲ ಎಂಬುದು ಅದರಲ್ಲಿ ನಡುಕ ಹುಟ್ಟಿಸುವ ಸಂಗತಿ. ಆಕೃತಿ ದೊಡ್ಡದಾದಷ್ಟೂ ಅದರ ಸ್ವಂತ ಭಾರದಿಂದಾಗುವ ಎಳೆತ ಹೆಚ್ಚುತ್ತದೆ, ಕಾಂಕ್ರೀಟಿನ ಬಲ ಮಾತ್ರ ಹಾಗೆಯೇ ಉಳಿಯುತ್ತದೆ. ಪುಣೆಯ ವಿಜ್ಞಾನಿಗಳು ಮೊದಲ ಸಭೆಯಲ್ಲೇ ಈ ಪ್ರಸಂಗ ಎತ್ತಿದರು. “ನಾವು ನೋಡಲು ಹೊರಟಿರುವುದು 8 ಟನ್ನಿನ ಟೆಟ್ರಾಪಾಡ್. ಸಿನೆಸ್‌ನಷ್ಟು ಭಯ ಬೇಡ. ಆದರೆ ಮುರಿದದ್ದನ್ನು ಎಣಿಸದೆ ಬರುವುದು ಬೇಡ,” ಎಂದರು.

ಕಾಗದಪತ್ರಗಳು ಬಂದಾಗ ನಾನು ಮೊದಲು ಹುಡುಕಿದ್ದು ನಿರ್ಮಾಣ ಮುಗಿದ ದಿನದ ಅಳತೆ. ಅದೇ ಎಲ್ಲಕ್ಕೂ ಆಧಾರ. ತಡೆಗೋಡೆಗೆ ‘ಆರೋಗ್ಯವಂತ ಮುಖ’ ಎಂದು ಒಂದು ಇರುವುದಿಲ್ಲ. ಹೊಸದರಲ್ಲೂ ಅದು ಅಸ್ತವ್ಯಸ್ತ ಗುಡ್ಡೆಯೇ. ಅಂದು ಹೇಗಿತ್ತು, ಇಂದು ಹೇಗಿದೆ ಎಂದು ಹೋಲಿಸಿದರೆ ಮಾತ್ರ ರೋಗ ಗೊತ್ತಾಗುತ್ತದೆ. ನಿರ್ಮಾಣಾನಂತರದ ನಕ್ಷೆ ಎಂಬ ಹೆಸರಿನ ಹಾಳೆಗಳ ಕಟ್ಟು ಬಂದಿತ್ತು. ಬಿಡಿಸಿ ನೋಡಿದರೆ ಇಳಿಜಾರಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ವಿನ್ಯಾಸದ ಹಾಳೆಯ ಮೇಲೆ ಅದನ್ನು ಇಟ್ಟು ಬೆಳಕಿಗೆ ಹಿಡಿದೆ. ಗೆರೆಗೆ ಗೆರೆ ಕೂಡಿತು. ಕ್ರೇನಿನಿಂದ ಒಂದೊಂದಾಗಿ ಇಳಿಸಿದ ನಾಲ್ಕು ಕಾಲಿನ ಆಕೃತಿಗಳ ಮೇಲ್ಮೈ ಅಷ್ಟು ನೇರವಾಗಿರುವುದು ಸಾಧ್ಯವೇ ಇಲ್ಲ. ಅದು ಅಳೆದು ಬರೆದ ನಕ್ಷೆಯಾಗಿರಲಿಲ್ಲ. ವಿನ್ಯಾಸದ ನಕಲಿಗೆ ಹೊಸ ಶೀರ್ಷಿಕೆ ಹಚ್ಚಿದ್ದರು. ಕಚ್ಚಾ ಅಳತೆ ಕೇಳಿ ಮತ್ತೆ ಮತ್ತೆ ಬರೆದೆವು. ಬರಲಿಲ್ಲ.

ಈ ಹಂತದಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ಗೋಡೆಗೆ ಒಂದು ಪ್ರಾಮಾಣಿಕ ಅಳತೆಯ ಪುಸ್ತಕ ಇಲ್ಲದಿದ್ದರೆ, ಮುಂದಿನ ಐವತ್ತು ವರ್ಷ ಅದನ್ನು ಕಾಯುವವರು ಯಾವುದನ್ನು ಹಿಡಿದು ಕಾಯಬೇಕು?

ಖಾನಾಪುರ, ರಾಮನಗರ, ಜೊಯಿಡಾ ದಾರಿಯಲ್ಲಿ ಘಟ್ಟ ಇಳಿದು ಬಂದರಿಗೆ ಹೋದದ್ದು ಮಾಘದ ಅಮಾವಾಸ್ಯೆಯ ಆಸುಪಾಸಿನಲ್ಲಿ. ಮಳೆಗಾಲದಲ್ಲಿ ಆ ಗೋಡೆಯ ಹೊರಮೈಗೆ ಹೋಗುವಂತಿಲ್ಲ. ಕಡಲು ಶಾಂತವಾಗಿರುವ ತಿಂಗಳಲ್ಲಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತದ ಹೊತ್ತಿಗೆ ನೀರು ಆದಷ್ಟು ಕೆಳಗಿಳಿದಾಗ ನೋಡಬೇಕು. ನಮ್ಮ ಕರಾವಳಿಯಲ್ಲಿ ಭರತ ಇಳಿತಗಳ ವ್ಯತ್ಯಾಸ ಗುಜರಾತಿನಷ್ಟು ಹೆಚ್ಚಲ್ಲ, ಹಾಗಾಗಿ ಎಷ್ಟು ಇಳಿದರೂ ಕವಚದ ದೊಡ್ಡ ಭಾಗ ನೀರಿನೊಳಗೇ ಉಳಿಯುತ್ತದೆ.

ಟೆಟ್ರಾಪಾಡ್‌ಗಳ ಮೇಲೆ ನಡೆಯುವುದು ಅಪಾಯದ ಕೆಲಸ. ಪಾಚಿ ಹಿಡಿದ ಕಾಲು ಜಾರಿದರೆ ಎರಡು ಮೀಟರ್ ಆಳದ ಸಂದಿಗೆ ಬೀಳುತ್ತೇವೆ. ಒಳಗೆ ಅಲೆ ಬರುತ್ತಲೇ ಇರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಗಾಳ ಹಾಕಲು, ಚಿತ್ರ ತೆಗೆಸಿಕೊಳ್ಳಲು ಇಳಿದು ಪ್ರಾಣ ಕಳೆದುಕೊಳ್ಳುವವರ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಒದ್ದೆ ಗೆರೆಯ ಕೆಳಗೆ ಯಾರೂ ಕಾಲಿಡಬಾರದು ಎಂದು ನಾವು ಕಟ್ಟುನಿಟ್ಟು ಮಾಡಿಕೊಂಡೆವು. ಅದರ ಕೆಳಗಿನದನ್ನು ದೋಣಿಯಿಂದ ನೋಡಿದೆವು, ಡ್ರೋನ್‌ನಿಂದ ಚಿತ್ರ ತೆಗೆದೆವು.

ಎಣಿಕೆಯ ಕ್ರಮ ಹೀಗಿತ್ತು. ಪ್ಯಾರಪೆಟ್ ಗೋಡೆಯ ಮೇಲೆ 20 ಮೀಟರಿಗೊಂದು ಗುರುತು ಬರೆದು, ಪ್ರತಿ ತುಂಡಿನಲ್ಲೂ ಕಾಣುವ ಟೆಟ್ರಾಪಾಡ್‌ಗಳನ್ನು ಮೂರು ಗುಂಪು ಮಾಡಿದೆವು: ಸರಿ ಇರುವವು, ಬಿರುಕು ಬಿಟ್ಟವು, ಕಾಲು ಕಳೆದುಕೊಂಡವು. ಸ್ಥಳ ಬಿಟ್ಟು ಹೋದವನ್ನು ಬೇರೆ ಲೆಕ್ಕ ಹಾಕಿದೆವು. ಮುರಿದ ಪ್ರತಿಯೊಂದರ ಮುರಿದ ಮುಖವನ್ನೂ ನಾನು ನೋಡಿದೆ. ಅದರಲ್ಲಿ ಬಹಳ ಮಾಹಿತಿ ಇರುತ್ತದೆ. ಮುಖ ತಿಳಿ ಬೂದು ಬಣ್ಣದ್ದಾಗಿ ಶುಭ್ರವಾಗಿದ್ದರೆ ಮುರಿತ ಹೊಸದು. ಸಮುದ್ರದ ಚಿಪ್ಪುಜೀವಿಗಳು ಅಂಟಿ ಬೆಳೆದಿದ್ದರೆ ಅದು ಹಳೆಯದು ಎಂದರ್ಥ. ಮುರಿದ ಮುಖದ ಮೇಲೆಯೇ ಇನ್ನೊಂದು ಟೆಟ್ರಾಪಾಡ್ ಭದ್ರವಾಗಿ ಕುಳಿತಿದ್ದರೆ ಅದನ್ನು ಅಲೆ ಮುರಿದಿಲ್ಲ. ಇಳಿಸುವಾಗಲೇ ಮುರಿದಿದೆ, ಮುರಿದದ್ದರ ಮೇಲೆ ಮತ್ತೊಂದನ್ನು ಇಟ್ಟು ಮುಚ್ಚಿದ್ದಾರೆ. ಅಂಥವು ಕೆಲವು ಸಿಕ್ಕವು.

ಒಟ್ಟು ಎಣಿಕೆ ನೋಡಿದರೆ ಗಾಬರಿಯಾಗುವಂತಿರಲಿಲ್ಲ. ಕವಚದ ತೂಕ ಲೆಕ್ಕ ಹಾಕಲು ಸಾಮಾನ್ಯವಾಗಿ ಬಳಸುವ ಹಡ್ಸನ್ ಸೂತ್ರದ ಅಂಕಗಳು ಶೇಕಡಾ 5ರವರೆಗಿನ ಹಾನಿಯನ್ನು ಸಹಿಸಬಹುದಾದ ಮಿತಿಯೆಂದು ಇಟ್ಟುಕೊಂಡಿರುತ್ತವೆ. ನಮ್ಮ ಗೋಡೆಯ ಬಹುಭಾಗ ಅದರೊಳಗೇ ಇತ್ತು. ಸ್ಥಳೀಯ ಕಚೇರಿಯವರ ಮುಖದಲ್ಲಿ ನೆಮ್ಮದಿ ಮೂಡಿತು. ಆದರೆ ಗೋಡೆ ಅಳಿವೆಯ ಕಡೆಗೆ ಬಾಗುವ ಜಾಗದಲ್ಲಿ ನಡೆಯುವಾಗ ನನ್ನ ಕಣ್ಣು ಬೇರೆ ಕಡೆ ನೆಟ್ಟಿತ್ತು. ಉಳಿದೆಡೆ ಟೆಟ್ರಾಪಾಡ್‌ಗಳ ಮೇಲಿನ ಸಾಲು ಪ್ಯಾರಪೆಟ್ಟಿಗೆ ಆತುಕೊಂಡಿತ್ತು. ಇಲ್ಲಿ ಎರಡರ ನಡುವೆ ಸಂದು. ಒಂದು ತೋಳು ಇಳಿಬಿಡುವಷ್ಟು ಅಗಲ, ಬಾಗಿನ ಉದ್ದಕ್ಕೂ. ಕೆಳಗಿನ ದಪ್ಪ ಕಲ್ಲಿನ ಪದರ ಅದರಲ್ಲಿ ಬೆತ್ತಲಾಗಿ ಕಾಣುತ್ತಿತ್ತು. ಟೆಟ್ರಾಪಾಡ್‌ಗಳು ಮುರಿದಿರಲಿಲ್ಲ, ಒಂದರಿಂದೊಂದು ಬಿಟ್ಟೂ ಹೋಗಿರಲಿಲ್ಲ. ಇಡೀ ಹೊದಿಕೆ ಒಟ್ಟಾಗಿ ಕೆಳಕ್ಕೆ ಜಾರಿತ್ತು. ಎಣಿಕೆಯ ಪಟ್ಟಿಯಲ್ಲಿ ಈ ಹಾನಿಗೆ ಕಲಮೇ ಇಲ್ಲ. ಹಿಡಕಲ್ಲಿನ ಪಿಚ್ಚಿಂಗ್‌ನಲ್ಲಿ ಇದನ್ನೇ ಕಂಡಿದ್ದೆ: ಮೇಲೆ ಸಂದು ಬಿಟ್ಟರೆ ಬುಡ ಹೋಗಿದೆ ಎಂದೇ ತಿಳಿಯಬೇಕು.

“ಇದು ಕಟ್ಟಿದಾಗಿನಿಂದಲೂ ಹೀಗೇ ಇದೆ,” ಎಂದರು ಜೊತೆಯಲ್ಲಿ ಬಂದಿದ್ದ ಕಿರಿಯ ಅಧಿಕಾರಿ. ಇರಬಹುದು. ಅಲ್ಲ ಎಂದು ತೋರಿಸಲು ನಮ್ಮ ಬಳಿ ಮೊದಲ ದಿನದ ಅಳತೆ ಇರಲಿಲ್ಲವಲ್ಲ.

ಆಗ ನೆರವಾದವರು ವಯಸ್ಸಾದ ತಾಂಡೇಲರೊಬ್ಬರು. ಐದು ದಶಕ ದೋಣಿ ನಡೆಸಿದವರು, ಸಂಘದ ಹಿರಿಯರು. ನಮ್ಮ ಮಾತು ಕೇಳುತ್ತಾ ನಿಂತಿದ್ದವರು ಮುಂದೆ ಬಂದು, “ಸಾಹೇಬರೇ, ಮೊದಲು ಆಷಾಢದ ದೊಡ್ಡ ಕಡಲಿಗೆ ಮಾತ್ರ ಈ ಬಾಗಿನಲ್ಲಿ ನೀರು ರಸ್ತೆಗೆ ಹಾರುತ್ತಿತ್ತು. ಈಗ ಜ್ಯೇಷ್ಠದ ಮೊದಲ ಗಾಳಿಗೇ ಹಾರುತ್ತದೆ. ಒಳಗೆ ಕಟ್ಟಿದ ದೋಣಿಗಳು ರಾತ್ರಿಯೆಲ್ಲ ಒಂದಕ್ಕೊಂದು ಬಡಿಯುತ್ತವೆ,” ಎಂದರು. ನಾನು ಅದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಬಳಿಕ ಕೇಳಿದೆ, “ಇಲ್ಲಿ ನಿಂತು ತೆಗೆಸಿದ ಹಳೆಯ ಚಿತ್ರಗಳು ಯಾರ ಬಳಿಯಾದರೂ ಇವೆಯೇ?” ಅವರು ಮೊಮ್ಮಗನನ್ನು ಕರೆದರು.

ಆ ಪ್ರಶ್ನೆಯಿಂದ ನಮಗೆ ಆಧಾರ ಸಿಕ್ಕಿತು. ಮದುವೆಯಾದ ಜೋಡಿಗಳು, ಶಾಲೆ ಮುಗಿಸಿದ ಹುಡುಗರು, ಗಣೇಶ ವಿಸರ್ಜನೆಗೆ ಬಂದವರು, ಎಲ್ಲರೂ ಆ ಬಾಗಿನ ಪ್ಯಾರಪೆಟ್ಟಿನ ಮೇಲೆ ಕುಳಿತು ಚಿತ್ರ ತೆಗೆಸಿಕೊಂಡಿದ್ದರು. ಮೊಬೈಲುಗಳಲ್ಲಿ ದಿನಾಂಕ ಸಮೇತ ಉಳಿದಿದ್ದವು. ಊರಿನ ಹುಡುಗರು ಸಂಜೆಯೊಳಗೆ ನೂರಾರು ಚಿತ್ರಗಳನ್ನು ಕಳುಹಿಸಿದರು. ಜನರ ಮುಖಗಳನ್ನು ಮಸುಕು ಮಾಡಿ, ಅವರ ಬೆನ್ನ ಹಿಂದಿನ ಗೋಡೆಯನ್ನು ಮಾತ್ರ ಇಟ್ಟುಕೊಂಡೆವು.

ಬೆಳಗಾವಿಗೆ ಮರಳಿದ ಮೇಲೆ ಈ ಚಿತ್ರಗಳ ಕೆಲಸವನ್ನು ಕೈಗೆತ್ತಿಕೊಂಡವಳು ಗೋಕಾಕದ ಒಬ್ಬ ತರುಣ ಎಂಜಿನಿಯರ್. ಡ್ರೋನ್ ಚಿತ್ರಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಮಾಡುವುದು ಅವಳ ಪರಿಣತಿ. ಪ್ಯಾರಪೆಟ್ ಗೋಡೆಯಲ್ಲಿ ನಿರ್ದಿಷ್ಟ ಅಂತರಕ್ಕೊಂದು ಬೆಸುಗೆಯ ಗೆರೆ ಇರುತ್ತದೆ. ಹಳೆಯ ಚಿತ್ರದಲ್ಲಿ ಆ ಗೆರೆಯ ಪಕ್ಕದಲ್ಲಿ ಯಾವ ಟೆಟ್ರಾಪಾಡಿನ ತುದಿ ಎಷ್ಟು ಎತ್ತರದಲ್ಲಿದೆ, ಇಂದಿನ ಮಾದರಿಯಲ್ಲಿ ಅದೇ ತುದಿ ಎಲ್ಲಿದೆ ಎಂದು ಅವಳು ಒಂದೊಂದಾಗಿ ಹೊಂದಿಸಿದಳು. ಟೆಟ್ರಾಪಾಡ್‌ಗಳ ಮೇಲೆ ಎರಕದ ದಿನಾಂಕ, ಸಂಖ್ಯೆ ಬಣ್ಣದಲ್ಲಿ ಬರೆದಿರುತ್ತಾರೆ. ಅಳಿಸದೆ ಉಳಿದ ಕಡೆ ಗುರುತು ಇನ್ನೂ ಸುಲಭವಾಯಿತು. ಒಂದು ರಾತ್ರಿ ಫೋನ್ ಮಾಡಿ, “ಸರ್, ಬಾಗಿನಲ್ಲಿ ಹಳೆಯ ಚಿತ್ರಗಳಲ್ಲಿ ಸಂದೇ ಇಲ್ಲ. ಮೂರು ಮಳೆಗಾಲದ ಹಿಂದೆ ಶುರುವಾಗಿದೆ. ಪ್ರತಿ ವರ್ಷ ಹಿಗ್ಗಿದೆ,” ಎಂದಳು. “ತಂಗಿ, ಒಂದೇ ಚಿತ್ರದ ಮೇಲೆ ಹೇಳಬೇಡ. ಬೇರೆ ಬೇರೆಯವರ ಫೋನಿನ ಚಿತ್ರಗಳಲ್ಲೂ ಅದೇ ಬರುತ್ತದೆಯೇ ನೋಡು,” ಎಂದೆ. ಅವಳು ಆಗಲೇ ನೋಡಿ ಮುಗಿಸಿದ್ದಳು. ಈ ಪರಿಶೀಲನೆಯಲ್ಲಿ ಯಾರಿಗಾದರೂ ಶ್ರೇಯ ಸಲ್ಲಬೇಕಾದರೆ ಅವಳಿಗೆ ಸಲ್ಲಬೇಕು.

ಇದರ ನಡುವೆ ಕಾಂಕ್ರೀಟಿನ ಪರೀಕ್ಷೆಯೂ ನಡೆಯಿತು. ಗುತ್ತಿಗೆದಾರರು ಕಳಪೆ ಕಾಂಕ್ರೀಟು ಹಾಕಿದ್ದಾರೆ ಎಂದು ಊರಿನಲ್ಲಿ ಬಲವಾದ ನಂಬಿಕೆ ಇತ್ತು. ಮೊದಲೇ ಮುರಿದುಬಿದ್ದಿದ್ದ ಟೆಟ್ರಾಪಾಡ್‌ಗಳಿಂದ ಕೋರ್ ಎಂಬ ಉರುಳೆಯಾಕಾರದ ತುಂಡುಗಳನ್ನು ಕೊರೆದು ತೆಗೆದೆವು. ಗಟ್ಟಿಯಾಗಿರುವುದನ್ನು ಕೊರೆದು ಗಾಯ ಮಾಡುವುದು ನನಗೆ ಒಪ್ಪಿಗೆ ಇರಲಿಲ್ಲ. ಕೋರ್‌ಗಳು ಉದ್ಯಮಬಾಗದ ಒಂದು ಪ್ರಯೋಗಾಲಯಕ್ಕೆ ಬಂದವು. ಭಾರತೀಯ ಮಾನಕ 456ರ ಪ್ರಕಾರ ಕೋರ್‌ಗಳ ಸರಾಸರಿ ಬಲ ನಿಗದಿತ ಬಲದ ಶೇಕಡಾ 85ಕ್ಕೆ ಕಡಿಮೆ ಇರಬಾರದು, ಯಾವ ಒಂದು ಕೋರ್ ಕೂಡ ಶೇಕಡಾ 75ಕ್ಕಿಂತ ಕೆಳಗಿಳಿಯಬಾರದು. ಎಲ್ಲವೂ ಪಾಸಾದವು. ಜಲ್ಲಿ ಒಂದೆಡೆ ಗುಂಪುಗೂಡಿರಲಿಲ್ಲ, ಪೊಳ್ಳು ಇರಲಿಲ್ಲ. ವರದಿಯಲ್ಲಿ ಕಾಂಕ್ರೀಟು ಚೆನ್ನಾಗಿದೆ ಎಂದು ಸ್ಪಷ್ಟವಾಗಿ ಬರೆದೆವು. ಸಂಘದ ಕೆಲವರಿಗೆ ಅದು ಹಿಡಿಸಲಿಲ್ಲ. ಆದರೆ ಕರೆದವರಿಗೆ ಹಿತವಾಗುವುದನ್ನೇ ಬರೆಯುವುದಾದರೆ ನಮ್ಮನ್ನು ಬೆಳಗಾವಿಯಿಂದ ಕರೆಸಬೇಕಾಗಿರಲಿಲ್ಲ.

ಪ್ರಯೋಗಾಲಯದ ಪಕ್ಕದ ಫೌಂಡ್ರಿಯಲ್ಲಿ ನಲವತ್ತು ವರ್ಷ ಅಚ್ಚು ಕಟ್ಟಿದ ಕಾಕಾ ಒಬ್ಬರಿದ್ದಾರೆ. ಮುರಿದ ಟೆಟ್ರಾಪಾಡ್‌ಗಳ ಚಿತ್ರಗಳನ್ನು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಎಲ್ಲ ಕಾಲೂ ಮೈಗೆ ಕೂಡುವಲ್ಲೇ ಮುರಿದಿದೆಯಲ್ಲ ಸಾಹೇಬರೇ. ಎರಕದಲ್ಲೂ ಹಾಗೆಯೇ, ಒಳಮೂಲೆಯಲ್ಲಿ ದುಂಡು ಕಡಿಮೆಯಾದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಇವಕ್ಕೆ ಯಾರೋ ಅಡಿಯಿಂದ ಅಲುಗಾಡಿಸಿದ್ದಾರೆ,” ಎಂದರು. ಪುಸ್ತಕ ಓದದೆ ಅವರು ತಲುಪಿದ ತೀರ್ಮಾನಕ್ಕೆ ನಾವು ಸಮುದ್ರ ತಳದ ಸಮೀಕ್ಷೆ ಮಾಡಿ ತಲುಪಬೇಕಾಯಿತು.

ಆ ಸಮೀಕ್ಷೆಯನ್ನು ನಡೆಸಿದವರು ನಮ್ಮ ನೌಕಾಪಡೆಯ ಗೆಳೆಯರು. ದೋಣಿಯಡಿ ಕಟ್ಟಿದ ಬಹುಕಿರಣ ಶಬ್ದಮಾಪಕ ಒಂದೇ ಓಟದಲ್ಲಿ ಅಗಲವಾದ ಪಟ್ಟಿಯ ಆಳವನ್ನು ಅಳೆಯುತ್ತದೆ. ನೀರು ತಿಳಿಯಾಗಿದ್ದ ಬೆಳಗಿನ ಹೊತ್ತು ಮುಳುಗುಗಾರರೂ ಇಳಿದರು. ಬಾಗಿನ ಬುಡದಲ್ಲಿ ಟೋ ಕಲ್ಲುಗಳ ಸಾಲು ಇರಲೇ ಇಲ್ಲ. ಅಲ್ಲೊಂದು ಇಲ್ಲೊಂದು ಕಲ್ಲು, ಅದರ ಹೊರಗೆ ಮರಳಿನಲ್ಲಿ ಉದ್ದನೆಯ ಗುಂಡಿ. ಅಳಿವೆಯಿಂದ ಹೊರಬೀಳುವ ಇಳಿತದ ಸೆಳೆತ ಬಾಗಿಗೆ ತಾಗಿಯೇ ಹರಿಯುತ್ತಿತ್ತು. ಹೂಳೆತ್ತಿ ಮಾಡಿದ ದೋಣಿಮಾರ್ಗವೂ ಮೂಲ ನಕ್ಷೆಯಲ್ಲಿದ್ದುದಕ್ಕಿಂತ ಗೋಡೆಗೆ ಹತ್ತಿರ ಸರಿದಿತ್ತು. ಅಲೆ ಮರಳನ್ನು ಕದಡುತ್ತದೆ, ಸೆಳೆತ ಅದನ್ನು ಹೊತ್ತೊಯ್ಯುತ್ತದೆ, ಕಲ್ಲು ಗುಂಡಿಗೆ ಉರುಳುತ್ತದೆ, ಆಧಾರ ತಪ್ಪಿದ ಕವಚ ಕೆಳಕ್ಕೆ ಜಾರುತ್ತದೆ.

ಗುಂಡಿಯಿಂದ ಇನ್ನೂ ಒಂದು ಕೇಡಿದೆ, ಮತ್ತು ಅದನ್ನು ವಿವರಿಸಲು ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಬೇಕಾಯಿತು. ತೀರದ ಬಳಿ ಅಲೆಯ ಎತ್ತರಕ್ಕೆ ನೀರಿನ ಆಳವೇ ಮಿತಿ. ಒಂಟಿ ಅಲೆಯೊಂದು ಆಳದ ಸುಮಾರು 0.78ರಷ್ಟು ಎತ್ತರಕ್ಕೆ ಬಂದಾಗ ಒಡೆಯುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಬುಡದಲ್ಲಿ ನೀರು 6 ಮೀಟರ್ ಇದ್ದಾಗ ಸುಮಾರು ನಾಲ್ಕೂವರೆ ಮೀಟರಿನ ಅಲೆ ಗೋಡೆಯನ್ನು ತಲುಪಬಲ್ಲದು. ತಳ ಒಂದು ಮೀಟರ್ ಕೊರೆದು ಆಳ 7 ಮೀಟರ್ ಆದರೆ ಐದೂವರೆ ಮೀಟರಿನ ಅಲೆಗೆ ದಾರಿಯಾಗುತ್ತದೆ. ಹಡ್ಸನ್ ಸೂತ್ರದಲ್ಲಿ ಕವಚಕ್ಕೆ ಬೇಕಾದ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆರಕ್ಕೆ ಏಳರ ಅನುಪಾತವನ್ನು ಘನ ಮಾಡಿದರೆ 1.59. ಮೊದಲು 8 ಟನ್ ಸಾಕಾಗಿದ್ದ ಜಾಗಕ್ಕೆ ಈಗ 12 ಟನ್ನಿಗಿಂತ ಹೆಚ್ಚಿನದು ಬೇಕು. ಅಂದರೆ ಗೋಡೆಯಲ್ಲಿ ಒಂದೂ ಟೆಟ್ರಾಪಾಡ್ ಮುರಿಯದೆಯೇ, ಬರೀ ಮರಳು ಹೋದದ್ದರಿಂದ, ಎಲ್ಲ ಟೆಟ್ರಾಪಾಡ್‌ಗಳೂ ಹಗುರವಾಗಿಬಿಟ್ಟವು. ಹಡ್ಸನ್ ಸೂತ್ರದಲ್ಲಿ ಅಲೆಯ ಅವಧಿಗೆ ಜಾಗವಿಲ್ಲ ಎಂಬುದನ್ನು ಪುಣೆಯವರು ನೆನಪಿಸಿದರು. ಜಲಾಶಯದ ಅಲೆ ಕೆಲವೇ ಸೆಕೆಂಡಿಗೊಮ್ಮೆ ಬಂದು ಹೋಗುತ್ತದೆ. ದಕ್ಷಿಣದ ಮಹಾಸಾಗರದಿಂದ ಸಾವಿರಾರು ಕಿಲೋಮೀಟರ್ ದಾಟಿ ಬರುವ ಉದ್ದಲೆಗಳ ಅವಧಿ ಹತ್ತು, ಹದಿನೈದು ಸೆಕೆಂಡಿಗೂ ಮೀರುತ್ತದೆ, ಇಳಿಜಾರಿನ ಮೇಲೆ ಅವು ಬಹಳ ಮೇಲಕ್ಕೆ ಏರುತ್ತವೆ. ಅವರು ಅಲೆಯ ಅವಧಿಯನ್ನೂ ಗಣಿಸುವ, ಡಚ್ ಎಂಜಿನಿಯರ್ ವ್ಯಾನ್ ಡೆರ್ ಮೀರ್ 1988ರಲ್ಲಿ ಪ್ರಕಟಿಸಿದ ಸೂತ್ರಗಳಿಂದಲೂ ಲೆಕ್ಕ ಮಾಡಿ ನೋಡಿದರು. ತೀರ್ಮಾನದ ದಿಕ್ಕು ಬದಲಾಗಲಿಲ್ಲ.

ವರದಿಯ ಕರಡು ಮುಗಿದ ಮೇಲೆ ಒಂದು ಸಭೆ ನಡೆಯಿತು. ಜಾರಿದ ಜಾಗಕ್ಕೆ ಹೊಸ ಟೆಟ್ರಾಪಾಡ್‌ಗಳ ಇನ್ನೊಂದು ಪದರ ಹಾಕುವ ಅಂದಾಜು ಪಟ್ಟಿ ಆಗಲೇ ಸಿದ್ಧವಾಗಿತ್ತು ಎಂದು ಅಲ್ಲೇ ನಮಗೆ ತಿಳಿದದ್ದು. “ನೀವು ‘ಸಹಜ ಕುಸಿತ, ಹೆಚ್ಚುವರಿ ಕವಚ ಸೂಕ್ತ’ ಎಂದು ಬರೆದರೆ ಈ ವರ್ಷವೇ ಕೆಲಸ ಆಗುತ್ತದೆ. ಇಲ್ಲದಿದ್ದರೆ ಮತ್ತೆ ಎರಡು ವರ್ಷ. ಮೀನುಗಾರರ ಹಿತದೃಷ್ಟಿಯಿಂದ ಯೋಚಿಸಿ,” ಎಂದು ಹಿರಿಯ ಅಧಿಕಾರಿಯೊಬ್ಬರು ವಿನಯದಿಂದಲೇ ಕೇಳಿದರು. ಅವರ ಮಾತಿನಲ್ಲಿ ಕಪಟ ಇತ್ತೆಂದು ನನಗೆ ಅನಿಸಲಿಲ್ಲ. ಹಣ ಮರಳಿ ಹೋಗುತ್ತದೆ ಎಂಬ ಆತಂಕ ನಿಜವಾದದ್ದೇ. ಆದರೆ ಬುಡವಿಲ್ಲದ ಇಳಿಜಾರಿನ ಮೇಲೆ ಮತ್ತಷ್ಟು ಭಾರ ಹೇರಿದರೆ ಅದು ಇನ್ನಷ್ಟು ಬೇಗ ಜಾರುತ್ತದೆ. ಹೊಸವು ಹಳೆಯದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ತೂಗಾಡುತ್ತವೆ, ಮುರಿಯುತ್ತವೆ, ಮುರಿದ ಕಾಲುಗಳು ಅಲೆಯೊಡನೆ ಹಾರಿ ಉಳಿದವಕ್ಕೆ ಬಡಿಯುತ್ತವೆ. ಮೂವರೂ ಒಪ್ಪಲಿಲ್ಲ. ಪುಣೆಯ ವಿಜ್ಞಾನಿಗಳು ಮದುವೆ ಜೋಡಿಗಳ ಬೆನ್ನ ಹಿಂದಿನ ಗೋಡೆಯ ಚಿತ್ರಗಳನ್ನು ದಿನಾಂಕದ ಕ್ರಮದಲ್ಲಿ ಸಭಾಕೋಣೆಯ ಗೋಡೆಯ ಮೇಲೆ ತೋರಿಸಿದರು. ಅದಾದ ಮೇಲೆ ‘ಕಟ್ಟಿದಾಗಿನಿಂದಲೂ ಹೀಗೇ’ ಎಂಬ ಮಾತನ್ನು ಯಾರೂ ಆಡಲಿಲ್ಲ.

ನಮ್ಮ ಶಿಫಾರಸಿನ ಅನುಕ್ರಮ ಇದು. ಮೊದಲು ಹೂಳೆತ್ತುವ ಮಾರ್ಗವನ್ನು ಗೋಡೆಯಿಂದ ದೂರ ಸರಿಸಬೇಕು. ಬಳಿಕ ಗುಂಡಿಯನ್ನು ಶ್ರೇಣೀಕೃತ ಕಲ್ಲಿನಿಂದ ತುಂಬಿ, ಇಳಿತದ ಸೆಳೆತವನ್ನು ತಾಳುವ ಅಗಲವಾದ ಟೋ ಕಟ್ಟಬೇಕು. ಅದು ಒಂದು ಮಳೆಗಾಲವನ್ನು ದಾಟಿ ನಿಂತ ಮೇಲೆಯೇ ಮೇಲಿನ ಸಂದಿಗೆ, ಮುರಿದವುಗಳ ಜಾಗಕ್ಕೆ ಹೊಸ ಟೆಟ್ರಾಪಾಡ್ ಇಡಬೇಕು. ಬಾಗಿನ ಭಾಗವನ್ನು ಮತ್ತೆ ಮಾದರಿ ಪರೀಕ್ಷೆಗೆ ಒಡ್ಡಬೇಕು. ಪ್ಯಾರಪೆಟ್ಟಿನ ಮೇಲೆ ಶಾಶ್ವತ ಗುರುತುಗಳನ್ನು ಹಾಕಿ, ಪ್ರತಿ ಮಳೆಗಾಲದ ಮುನ್ನ ಮತ್ತು ನಂತರ ಅದೇ ಸ್ಥಳಗಳಿಂದ ಚಿತ್ರ ತೆಗೆದು, ತಳದ ಆಳ ಅಳೆದು, ಕಚ್ಚಾ ದತ್ತಾಂಶವನ್ನು ಸಂಘದ ಬಳಿಯೂ ಒಂದು ಪ್ರತಿ ಇಡಬೇಕು. ಕೊನೆಯ ವಾಕ್ಯವನ್ನು ಸೇರಿಸಿದ್ದು ನಾನು. ಕಚೇರಿಯ ಕಪಾಟಿನಿಂದ ಕಾಗದ ಕಳೆದುಹೋಗಬಹುದು. ರಾತ್ರಿಯೆಲ್ಲ ದೋಣಿ ಕಾಯುವವರ ಮನೆಯಿಂದ ಅದು ಕಳೆದುಹೋಗುವುದಿಲ್ಲ.

ವರದಿ ತಿದ್ದುಪಡಿಯಿಲ್ಲದೆ ಎರಡೂ ಕಡೆಗೆ ಒಂದೇ ದಿನ ತಲುಪಿತು. ಹೆಚ್ಚುವರಿ ಕವಚದ ಅಂದಾಜನ್ನು ತಡೆಹಿಡಿದರು, ಟೋ ಕೆಲಸಕ್ಕೆ ಹೊಸ ಅಂದಾಜು ತಯಾರಾಯಿತು. ಹೂಳೆತ್ತುವ ಮಾರ್ಗ ಸರಿಸುವ ಆದೇಶ ಮಾತ್ರ ಇನ್ನೂ ಹೊರಬಿದ್ದಿಲ್ಲ, ಅದಕ್ಕಾಗಿ ಸಂಘ ಪತ್ರ ಬರೆಯುತ್ತಲೇ ಇದೆ. ಮಳೆಗಾಲ ಕಳೆದ ಮೇಲೆ ಗೋಕಾಕದ ಎಂಜಿನಿಯರ್ ಹೋಗಿ ಹೊಸ ಗುರುತುಗಳಿಂದ ಮೊದಲ ಸರಣಿಯ ಚಿತ್ರಗಳನ್ನು ತೆಗೆದು ಬಂದಿದ್ದಾಳೆ. ನೇರ ಭಾಗದಲ್ಲಿ ಏನೂ ಬದಲಾಗಿಲ್ಲ. ಬಾಗಿನಲ್ಲಿ ಸಂದು ಇನ್ನಷ್ಟು ಹಿಗ್ಗಿದೆ, ಅಳಿವೆಯ ಕಡೆಯ ತುದಿಯಲ್ಲಿ ಹೆಚ್ಚು. ಅವಳ ಕೋಷ್ಟಕವನ್ನು ಪೂರಕ ಟಿಪ್ಪಣಿಯಾಗಿ ಕಳುಹಿಸಿದ್ದೇವೆ. ಕಲ್ಲು ಇಳಿಸುವ ಕೆಲಸ ಆ ತುದಿಯಿಂದಲೇ ಶುರುವಾಗಬೇಕು ಎಂದು ಅದರಲ್ಲಿ ಬರೆದಿದ್ದೇವೆ.